ರನ್‌ವೇ ಸುತ್ತ ಹಾರುವಾಗ ಎರಡನೆಯ ವಿಮಾನ ಎಲ್ಲಿದೆ?

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಹಳಿಯಾಳದಿಂದ ಹುಬ್ಬಳ್ಳಿ ವಿಮಾನ ನಿಲ್ದಾಣ ಸುಮಾರು 35 ಕಿ.ಮೀ. ದೂರದಲ್ಲಿದೆ. ಮುಂಡಗೋಡದಿಂದ ಅದೇ ನಿಲ್ದಾಣ 40 ಕಿ.ಮೀ. ಚಿಲ್ಲರೆ. ಹಳಿಯಾಳದಿಂದ ಬೆಳಗಾವಿಯ ಸಾಂಬ್ರಾ 60 ಕಿ.ಮೀ. ಆಸುಪಾಸು, ಜೋಯಿಡಾದಿಂದ ಗೋವಾದ ದಾಬೋಳಿ 70–75. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕೂತವರಿಗೆ ಇದು ಅರ್ಧ ದಿನದ ಮಾತು. ಸಣ್ಣ ತರಬೇತಿ ವಿಮಾನಕ್ಕೆ ಹತ್ತರಿಂದ ಇಪ್ಪತ್ತೈದು ನಿಮಿಷ ಸಾಕು.

ಈ ಲೆಕ್ಕವನ್ನು ಇಲ್ಲಿ ಎತ್ತಲು ಕಾರಣವಿದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಅದರ ಮುಂದಿನ ಸುತ್ತಿನ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರೂ ಬಂತು. ಮೊದಲೆಲ್ಲ ಪೈಲಟ್ ಆಗಬೇಕೆಂದರೆ ಬೆಂಗಳೂರಿನ ಜಕ್ಕೂರು, ಇಲ್ಲದಿದ್ದರೆ ಪರದೇಶ ಎನ್ನುತ್ತಿದ್ದ ನಮ್ಮ ಕಡೆಯ ಮಕ್ಕಳಿಗೆ ಈಗ ಆ ಶಾಲೆ ಊರ ಪಕ್ಕಕ್ಕೇ ಬಂದಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆಯಲು ನಮ್ಮ ದೇಶದಲ್ಲಿ 200 ಗಂಟೆ ಹಾರಬೇಕು. ಆ 200 ಗಂಟೆಗಳಲ್ಲಿ ಒಳ್ಳೆಯ ಪಾಲು ಕಳೆಯುವುದು ದೂರದ ಆಕಾಶದಲ್ಲಲ್ಲ. ಒಂದೇ ರನ್‌ವೇ ಸುತ್ತ, ಇಳಿದು ಏರಿ, ಇಳಿದು ಏರಿ. ಸಣ್ಣ ವಿಮಾನಗಳು ಒಂದಕ್ಕೊಂದು ಅಪಾಯಕರವಾಗಿ ಹತ್ತಿರ ಬರುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಮಗನನ್ನೋ ಮಗಳನ್ನೋ ಈ ವಿದ್ಯೆಗೆ ಕಳಿಸುವ ಅಪ್ಪ ಅಮ್ಮಂದಿರಿಗೂ, ಹೋಗುವ ಮಕ್ಕಳಿಗೂ ಇದು ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು.

ಮೊದಲು ಆ ಸುತ್ತಿನ ಬಗ್ಗೆ. ಪೈಲಟ್‌ಗಳು ಇದನ್ನು ಸರ್ಕಿಟ್ ಎನ್ನುತ್ತಾರೆ. ರನ್‌ವೇಯನ್ನು ಒಂದು ಉದ್ದ ಬದಿಯಾಗಿ ಇಟ್ಟುಕೊಂಡು ಆಕಾಶದಲ್ಲಿ ಎಳೆದ ಆಯತ ಅದು. ಗಾಳಿಗೆ ಎದುರಾಗಿ ಮೇಲೇರುವ ಭಾಗ ಅಪ್‌ವಿಂಡ್. ಅಲ್ಲಿಂದ ತೊಂಬತ್ತು ಡಿಗ್ರಿ ತಿರುಗಿದರೆ ಕ್ರಾಸ್‌ವಿಂಡ್. ಮತ್ತೆ ತಿರುಗಿ, ರನ್‌ವೇಗೆ ಸಮಾನಾಂತರವಾಗಿ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಸಾಗುವುದು ಡೌನ್‌ವಿಂಡ್. ನಂತರ ಬೇಸ್, ಕೊನೆಗೆ ರನ್‌ವೇ ಮೂತಿಯ ನೇರಕ್ಕೆ ಬರುವ ಫೈನಲ್. ಕ್ಯಾಪ್ಟನ್ ಎಡಗಡೆ ಕೂರುವುದರಿಂದ ಸಾಮಾನ್ಯವಾಗಿ ಎಲ್ಲ ತಿರುವೂ ಎಡಕ್ಕೇ. ಬೇರೆ ಕಡೆ ತಿರುಗಬೇಕಿದ್ದರೆ ಅದನ್ನು ಮೊದಲೇ ಪ್ರಕಟಿಸಿರುತ್ತಾರೆ. ಎತ್ತರ ನೆಲದಿಂದ ಸಾಮಾನ್ಯವಾಗಿ 1,000 ಅಡಿ. ಸಾಂಬ್ರಾ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿರುವುದರಿಂದ ಅಲ್ಲಿ ಸರ್ಕಿಟ್ ಹಾರುವವನ ಎತ್ತರಮಾಪಕದಲ್ಲಿ 3,500ರ ಆಸುಪಾಸು ಕಾಣಬೇಕು. ಒಂದು ಸುತ್ತಿಗೆ ಆರೇಳು ನಿಮಿಷ. ಗಂಟೆಗೆ ಎಂಟು ಹತ್ತು ಸಲ ಚಕ್ರ ನೆಲ ಮುಟ್ಟುತ್ತದೆ, ಅಲ್ಲಿಂದಲೇ ಮತ್ತೆ ಮೇಲಕ್ಕೆ.

ಹಂತಿ ಹೊಡೆಯುವುದನ್ನು ನೋಡಿದವರಿಗೆ ಈ ವ್ಯವಸ್ಥೆಯ ಜಾಣತನ ತಟ್ಟನೆ ಹೊಳೆಯುತ್ತದೆ. ಎತ್ತುಗಳೆಲ್ಲ ಮೇಟಿಯ ಸುತ್ತ ಒಂದೇ ದಿಕ್ಕಿಗೆ, ಒಂದರ ಹಿಂದೊಂದು ತಿರುಗುತ್ತವೆ. ಎದುರುಬದುರಾಗುವ ಪ್ರಸಂಗವೇ ಇಲ್ಲ. ಸರ್ಕಿಟ್‌ನ ಉದ್ದೇಶವೂ ಅದೇ. ಯಾರು ಎಲ್ಲಿರಬಹುದು ಎಂಬುದನ್ನು ಇನ್ನೊಬ್ಬ ಮೊದಲೇ ಊಹಿಸುವಂತಿರಬೇಕು. ತೊಂದರೆ ಶುರುವಾಗುವುದು ಎಲ್ಲರ ವೇಗವೂ ಒಂದೇ ಆಗಿರದಿದ್ದಾಗ, ಮತ್ತು ಸುತ್ತಿನಲ್ಲಿ ಇಲ್ಲದವನು ಹೊರಗಿನಿಂದ ನೇರವಾಗಿ ಫೈನಲ್‌ಗೇ ಬಂದು ಸೇರಿಕೊಂಡಾಗ.

ಬೆಳಗಾವಿ, ಹುಬ್ಬಳ್ಳಿಯಂಥ ನಿಲ್ದಾಣದಲ್ಲಿ ಇವೆರಡೂ ದಿನನಿತ್ಯದ ಸಂಗತಿ. ಸೆಸ್ನಾ 172 ತರದ ತರಬೇತಿ ವಿಮಾನ ಡೌನ್‌ವಿಂಡ್‌ನಲ್ಲಿ 90 ನಾಟ್, ಅಂದರೆ ಗಂಟೆಗೆ 167 ಕಿ.ಮೀ. ವೇಗದಲ್ಲಿರುತ್ತದೆ, ಫೈನಲ್‌ನಲ್ಲಿ 65 ನಾಟ್, ಸುಮಾರು 120 ಕಿ.ಮೀ. ಅದೇ ರನ್‌ವೇಗೆ ಬರುವ ಪ್ರಯಾಣಿಕರ ಎಟಿಆರ್ ವಿಮಾನದ ಫೈನಲ್ ವೇಗ 110 ನಾಟ್ ಆಸುಪಾಸು, ಅದು ಗಂಟೆಗೆ ಇನ್ನೂರು ಕಿ.ಮೀ. ದಾಟುತ್ತದೆ. ಲೆಕ್ಕ ಹಾಕಿ ನೋಡೋಣ. ರನ್‌ವೇ ಮೂತಿಗೆ ಒಂದು ನಾಟಿಕಲ್ ಮೈಲಿ ದೂರದಲ್ಲಿ ಸೆಸ್ನಾ ಫೈನಲ್‌ಗೆ ತಿರುಗಿತು ಎನ್ನಿ. ನೆಲ ಮುಟ್ಟಲು ಅದಕ್ಕೆ ಸುಮಾರು 55 ಸೆಕೆಂಡು ಬೇಕು. ಓಡಿ, ನಿಧಾನಿಸಿ, ರನ್‌ವೇ ಬಿಟ್ಟು ಹೊರಬರಲು ಇನ್ನೊಂದು ನಿಮಿಷ. ಈ ಎರಡು ನಿಮಿಷದಲ್ಲಿ ಎಟಿಆರ್ ಹತ್ತಿರಹತ್ತಿರ ಏಳು ಕಿ.ಮೀ. ಕ್ರಮಿಸಿರುತ್ತದೆ. ಅಂದರೆ ಸೆಸ್ನಾ ತಿರುಗುವಾಗ ಎಟಿಆರ್ ರನ್‌ವೇಗೆ ಏಳು ಕಿ.ಮೀ. ಒಳಗಿದ್ದರೆ ಇಬ್ಬರಲ್ಲೊಬ್ಬರು ಇಳಿಯುವುದನ್ನು ಬಿಟ್ಟು ಮೇಲೇರಲೇಬೇಕು. ಏಳು ಕಿ.ಮೀ. ದೂರದ ಎಟಿಆರ್ ಕಣ್ಣಿಗೆ ಒಂದು ಚುಕ್ಕೆ. ಅದನ್ನು ನೋಡಿ ‘ಇನ್ನೂ ದೂರ ಇದೆ’ ಎಂದುಕೊಳ್ಳುವುದು ಹೊಸಬನಿಗೆ ಬಹಳ ಸುಲಭ.

‘ಟವರ್ ಇದೆಯಲ್ಲ, ಅವರು ನೋಡಿಕೊಳ್ಳುವುದಿಲ್ಲವೇ?’ ಎಂದು ಮನೆಯವರು ಕೇಳುವುದು ಸಹಜ. ಟವರ್ ಇದೆ. ಯಾರು ಮೊದಲು, ಯಾರು ನಂತರ ಎಂದು ಸರದಿ ಕೊಡುವುದು, ರನ್‌ವೇ ಮೇಲೆ ಇಬ್ಬರನ್ನು ಒಟ್ಟಿಗೆ ಬಿಡದಿರುವುದು ಅಲ್ಲಿನ ಕಂಟ್ರೋಲರ್ ಕೆಲಸ. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತಿದೆ. ‘ಡಿ’ ವರ್ಗದ ವಾಯುಪ್ರದೇಶದಲ್ಲಿ, ಕಣ್ಣಿನಿಂದ ನೋಡಿಕೊಂಡು ಹಾರುವ ಎರಡು ವಿಮಾನಗಳ ನಡುವೆ ಇಂತಿಷ್ಟು ಅಂತರ ಕಾಯ್ದುಕೊಡುವ ಹೊಣೆ ಟವರ್‌ನದಲ್ಲ. ‘ನಿನ್ನ ಮುಂದೆ ಬೇಸ್‌ನಲ್ಲಿ ಒಂದು ಸೆಸ್ನಾ ಇದೆ’ ಎಂದು ಅವರು ಮಾಹಿತಿ ಕೊಡುತ್ತಾರೆ. ಅದನ್ನು ಹುಡುಕಿ, ಕಂಡು, ಅದರಿಂದ ದೂರ ಇರುವುದು ಪೈಲಟ್ ಹೊಣೆ. ಇಪ್ಪತ್ತು ಗಂಟೆ ಹಾರಿದ ಹುಡುಗಿಗೂ ಇಪ್ಪತ್ತು ಸಾವಿರ ಗಂಟೆ ಹಾರಿದ ಕ್ಯಾಪ್ಟನ್‌ಗೂ ಇದೇ ನಿಯಮ.

ಹಾಗಾದರೆ ಕಣ್ಣು ಎಷ್ಟು ನಂಬಿಕಸ್ತ? ಇಡೀ ವಿಷಯದಲ್ಲಿ ನಾನು ಎಲ್ಲರಿಗೂ ವಿವರವಾಗಿ ಹೇಳಬಯಸುವ ಭಾಗ ಇದು.

ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಕೊಡುವ ಒಂದು ಹಳೆಯ ಪಟ್ಟಿ ಜಗತ್ತಿನ ಎಷ್ಟೋ ಹಾರಾಟ ಶಾಲೆಗಳಲ್ಲಿ ಓಡಾಡುತ್ತದೆ. ವಸ್ತು ಕಣ್ಣಿಗೆ ಬೀಳಲು ಸೆಕೆಂಡಿನ ಹತ್ತನೇ ಒಂದು ಭಾಗ. ಅದು ವಿಮಾನ ಎಂದು ಗುರುತಿಸಲು 1 ಸೆಕೆಂಡು. ಅದು ನನ್ನ ಮೇಲೇ ಬರುತ್ತಿದೆ ಎಂದು ಮನವರಿಕೆಯಾಗಲು 5 ಸೆಕೆಂಡು. ಎತ್ತ ತಿರುಗಬೇಕೆಂದು ತೀರ್ಮಾನಿಸಲು 4. ಕೈ ಆಡಲು 0.4. ವಿಮಾನ ಆ ಆಜ್ಞೆ ಕೇಳಿ ನಿಜವಾಗಿ ಹೊರಳಲು 2. ಒಟ್ಟು 12.5 ಸೆಕೆಂಡು. ಎರಡು ಸೆಸ್ನಾಗಳು 90 ನಾಟ್ ವೇಗದಲ್ಲಿ ಎದುರುಬದುರು ಬರುತ್ತಿದ್ದರೆ ಅಷ್ಟು ಹೊತ್ತಿಗೆ ಇಬ್ಬರ ನಡುವಿನ 1,150 ಮೀಟರ್ ಮುಗಿದಿರುತ್ತದೆ. ಸೆಸ್ನಾ 172ರ ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್. ಆ ದೂರದಿಂದ ಅದು ಆಕಾಶದಲ್ಲಿ ಹುಣ್ಣಿಮೆ ಚಂದ್ರನಷ್ಟೇ ಅಗಲ ಕಾಣುತ್ತದೆ. ಆದರೆ ಚಂದ್ರನ ಹಾಗೆ ತುಂಬಿದ ಬಿಲ್ಲೆಯಲ್ಲ, ಎದುರಿನಿಂದ ನೋಡಿದಾಗ ಬರೀ ತೆಳ್ಳನೆಯ ಅಡ್ಡಗೆರೆ, ನಡುವೆ ಒಂದು ಬೊಟ್ಟು. ಹಿಂದೆ ಕಾಡೋ, ಬಿಳಿ ಮೋಡವೋ ಇದ್ದರೆ ಅದೂ ಕರಗಿಹೋಗುತ್ತದೆ. ಅಲ್ಲಿಗೆ ನೀವು ಅದನ್ನು ಕಾಣದಿದ್ದರೆ ಆ ಪಟ್ಟಿಯ ಪ್ರಕಾರ ತಡವಾಯಿತು.

ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಎರಡು ವಿಮಾನಗಳು ಒಂದೇ ಬಿಂದುವಿನತ್ತ ಸ್ಥಿರ ವೇಗದಲ್ಲಿ, ನೇರ ದಾರಿಯಲ್ಲಿ ಸಾಗುತ್ತಿದ್ದರೆ ಎದುರಿನದು ನಿಮ್ಮ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ. ಇದ್ದಲ್ಲೇ ಇರುತ್ತದೆ, ನಿಧಾನಕ್ಕೆ ದೊಡ್ಡದಾಗುತ್ತದೆ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ಹಿಗ್ಗುತ್ತದೆ. ಗಾಜಿನ ಮೇಲೆ ಎಡಕ್ಕೋ ಬಲಕ್ಕೋ ಸರಿದುಹೋಗುವ ವಿಮಾನ ನಿಮಗೆ ಡಿಕ್ಕಿಯಾಗುವುದಿಲ್ಲ; ಕಣ್ಣಿಗೆ ಬೇಗ ಬೀಳುವುದೂ ಅದೇ. ಡಿಕ್ಕಿಯಾಗುವಂಥದ್ದು ಗಾಜಿನ ಮೇಲಿನ ಸತ್ತ ಹುಳದ ಕಲೆಯ ಹಿಂದೆ ಅಡಗಿ ಕೂತರೂ ಕೂತೀತು. ಗಾಜು ಒರೆಸದೆ ಹತ್ತಬೇಡ ಎಂದು ಹಳೆಯ ಶಿಕ್ಷಕರು ಗದರುವುದು ಅದಕ್ಕೇ. ಆಕಾಶವನ್ನು ಒಂದೇ ಸಲ ಗುಡಿಸಿದ ಹಾಗೆ ನೋಡಬಾರದು, ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ, ಒಂದೊಂದರಲ್ಲೂ ಕನಿಷ್ಠ ಒಂದು ಸೆಕೆಂಡು ಕಣ್ಣು ನಿಲ್ಲಿಸಿ ನೋಡಬೇಕು ಎಂದು ಕಲಿಸುವುದೂ ಇದೇ ಕಾರಣಕ್ಕೆ. ಓಡುವ ಕಣ್ಣು ಏನನ್ನೂ ಕಾಣುವುದಿಲ್ಲ. ತಲೆಯನ್ನೂ ಮುಂದಕ್ಕೆ ಹಿಂದಕ್ಕೆ ಆಡಿಸಬೇಕು, ಕಿಟಕಿಯ ಕಂಬದ ಹಿಂದೆ ಇರುವುದು ಕಾಣಲಿ ಎಂದು.

ವಿಮಾನದ ಮೈಯೂ ಅಡ್ಡ ಬರುತ್ತದೆ. ಸೆಸ್ನಾದ ರೆಕ್ಕೆ ತಲೆಯ ಮೇಲಿದೆ. ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ, ಮೇಲಿನ ಆಕಾಶ ಕಾಣದು. ಎಡಕ್ಕೆ ತಿರುಗಿದರೆ ಎಡ ರೆಕ್ಕೆ ಕೆಳಗೆ ಬಾಗಿ, ಯಾವ ಕಡೆ ಹೋಗುತ್ತಿದ್ದೇವೋ ಆ ಕಡೆಯನ್ನೇ ಮುಚ್ಚುತ್ತದೆ. ಪೈಪರ್, ಡೈಮಂಡ್ ಡಿಎ40 ಮುಂತಾದವುಗಳ ರೆಕ್ಕೆ ಕೆಳಗಿದೆ. ಅವರಿಗೆ ಮೇಲಿನದೆಲ್ಲ ಕಾಣುತ್ತದೆ, ಕಾಲಡಿಯದ್ದು ಕಾಣದು. ಈಗ ಫೈನಲ್‌ನಲ್ಲಿ ಸೆಸ್ನಾ ಕೆಳಗೆ, ಅದರ ಮೇಲೆ ತುಸು ಹಿಂದೆ ಪೈಪರ್, ಎರಡೂ ಇಳಿಯುತ್ತಿವೆ ಎಂದುಕೊಳ್ಳಿ. ಇಬ್ಬರ ಕಣ್ಣೂ ರನ್‌ವೇ ಮೇಲೆ. ಕೆಳಗಿನವನಿಗೆ ಮೇಲಿನವನು ಕಾಣ, ಮೇಲಿನವನಿಗೆ ಕೆಳಗಿನವನು ಕಾಣ. ಯಾರೂ ನಿಯಮ ಮುರಿಯಬೇಕಿಲ್ಲ. ಇಬ್ಬರೂ ಪಾಠ ಹೇಳಿಕೊಟ್ಟಂತೆಯೇ ಹಾರುತ್ತಿರಬಹುದು.

ನಮ್ಮ ಸೀಮೆಯಲ್ಲಿ ಇದಕ್ಕೆ ಸೂರ್ಯನೂ ಸೇರಿಕೊಳ್ಳುತ್ತಾನೆ. ಸಾಂಬ್ರಾದ ರನ್‌ವೇ, ಹುಬ್ಬಳ್ಳಿಯ ರನ್‌ವೇ ಎರಡೂ ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿವೆ. ಎರಡರ ಗುರುತಿನ ಸಂಖ್ಯೆಯೂ 08 ಮತ್ತು 26, ಅಂದರೆ ದಿಕ್ಸೂಚಿಯ 80 ಮತ್ತು 260 ಡಿಗ್ರಿ. ಪಡುವಣ ಗಾಳಿ ಬೀಸುವ ದಿನ ಸಂಜೆ 26ರಲ್ಲಿ ಇಳಿಯುವವನು ಫೈನಲ್‌ಗೆ ತಿರುಗಿದೊಡನೆ ಮುಳುಗುವ ಸೂರ್ಯ ಕಣ್ಣಿಗೇ ರಾಚುತ್ತಾನೆ. ಮುಂದಿನ ವಿಮಾನ ಆ ಬೆಳಕಿನೊಳಗೆ ಮಾಯ. ಬೆಳಿಗ್ಗೆ 08ರಲ್ಲಿ ಇಳಿದರೆ ಇದೇ ಪಾಡು ಇನ್ನೊಂದು ದಿಕ್ಕಿಗೆ. ಡಿಸೆಂಬರ್ ಜನವರಿಯ ಬೆಳಗು ಹೇಗಿರುತ್ತದೆಂದು ಹಳಿಯಾಳ, ಮುಂಡಗೋಡದ ಗದ್ದೆ ಬಯಲಿನವರಿಗೆ ಹೇಳಬೇಕಿಲ್ಲ. ಇಬ್ಬನಿ, ಹೊಗೆ, ಮಂಜು ಸೇರಿ ಅಂಚುಗಳೆಲ್ಲ ಮಬ್ಬಾಗಿರುತ್ತವೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದಾಗ ಬೇರೆಬೇರೆ ಎತ್ತರದಲ್ಲಿರಬೇಕಾದವರೆಲ್ಲ ಮೋಡದಡಿಯ ಒಂದೇ ತೆಳು ಪದರಕ್ಕೆ ಒತ್ತಿಕೊಳ್ಳುತ್ತಾರೆ.

ಕಣ್ಣು ಸೋತಲ್ಲಿ ಕಿವಿ ಕೆಲಸಕ್ಕೆ ಬರಬೇಕು. ಎಲ್ಲರೂ ಒಂದೇ ರೇಡಿಯೊ ಆವರ್ತನದಲ್ಲಿ ಇರುತ್ತಾರೆ. ಡೌನ್‌ವಿಂಡ್‌ಗೆ ಬಂದೆ, ಬೇಸ್‌ಗೆ ತಿರುಗಿದೆ, ಫೈನಲ್‌ನಲ್ಲಿದ್ದೇನೆ ಎಂದು ಹೇಳುತ್ತಾ ಹೋದರೆ ಮಿಕ್ಕವರ ತಲೆಯಲ್ಲಿ ಒಂದು ಚಿತ್ರ ಮೂಡುತ್ತದೆ. ಆದರೆ ಇಬ್ಬರು ಒಟ್ಟಿಗೆ ಗುಂಡಿ ಒತ್ತಿ ಮಾತಾಡಿದರೆ ಕೇಳುವವರಿಗೆ ಬರೀ ಕಿರ್ರೆನ್ನುವ ಸದ್ದು. ಮಾತಾಡಿದ ಇಬ್ಬರಿಗೂ ತಮ್ಮ ಮಾತು ಮುಟ್ಟಿತೆಂಬ ಭ್ರಮೆ. ಹೊಸಬರು ಇನ್ನೊಂದು ತಪ್ಪು ಮಾಡುತ್ತಾರೆ: ತಿರುಗುವ ಮೊದಲೇ ‘ಬೇಸ್’ ಎಂದು ಹೇಳಿಬಿಡುವುದು. ಕೇಳಿದವನು ಬೇಸ್‌ನಲ್ಲಿ ಹುಡುಕುತ್ತಾನೆ, ಇವನು ಇನ್ನೂ ಡೌನ್‌ವಿಂಡ್‌ನಲ್ಲಿ, ಅವನ ರೆಕ್ಕೆಯಡಿಯಲ್ಲೇ ಇರುತ್ತಾನೆ.

ಎಲ್ಲಕ್ಕಿಂತ ಅಪಾಯದ ಮಾತು ‘ಟ್ರಾಫಿಕ್ ಇನ್ ಸೈಟ್’, ಅಂದರೆ ನೀವು ಹೇಳಿದ ವಿಮಾನ ಕಂಡಿತು ಎಂಬುದು. ಒಂದು ಸಂಜೆಯನ್ನು ಊಹಿಸಿಕೊಳ್ಳಿ. ಟವರ್ ಹೇಳುತ್ತದೆ: ನೀನು ನಂಬರ್ ಟು, ಮುಂದೆ ಫೈನಲ್‌ನಲ್ಲಿ ಇರುವುದನ್ನು ನೋಡಿಕೊಂಡು ಹಿಂಬಾಲಿಸು. ವಿದ್ಯಾರ್ಥಿಗೆ ರನ್‌ವೇ ಹತ್ತಿರ ಒಂದು ವಿಮಾನ ಕಾಣುತ್ತದೆ. ‘ಇನ್ ಸೈಟ್’ ಎನ್ನುತ್ತಾನೆ. ಪಕ್ಕದಲ್ಲಿ ಒಳ್ಳೆಯ ಶಿಕ್ಷಕರಿದ್ದರೆ ತಕ್ಷಣ ಕೇಳುತ್ತಾರೆ: ‘ಯಾವುದು ಕಂಡಿತಪ್ಪಾ? ಬೆರಳು ಮಾಡಿ ತೋರಿಸು.’ ‘ಅದೇ ಸರ್, ರನ್‌ವೇ ಮೇಲೆ.’ ‘ಅದು ಆಗಲೇ ಇಳಿದಾಯ್ತು. ನಾವು ಹಿಂಬಾಲಿಸಬೇಕಾದ್ದು ಇನ್ನೊಂದು. ಹುಡುಕು.’ ಟವರ್‌ನವರು ಇವನಿಗೆ ಮುಂದಿನ ವಿಮಾನ ಕಂಡಿದೆ ಎಂದು ನಂಬಿ ತಮ್ಮ ಗಮನ ಬೇರೆಡೆ ತಿರುಗಿಸಿರುತ್ತಾರೆ. ಈತ ಬೇಸ್‌ಗೆ ತಿರುಗುತ್ತಿದ್ದಾನೆ. ಕಾಣದ ಆ ನಡುವಿನ ವಿಮಾನದ ಮೇಲೇ. ಪಕ್ಕದ ಸೀಟು ಖಾಲಿ ಇರುವ ಸೋಲೋ ಹಾರಾಟದಲ್ಲಿ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಕಂಡಿಲ್ಲ ಎಂದು ಹೇಳುವುದಕ್ಕೆ ನಾಚಿಕೆಪಡಬಾರದು. ‘ಲುಕಿಂಗ್’ ಎಂಬ ಒಂದೇ ಪದ ಸಾಕು, ಕಂಟ್ರೋಲರ್ ಇನ್ನಷ್ಟು ನೆರವಾಗುತ್ತಾರೆ.

ಇಂಥ ಸರಪಳಿ ಪೂರ್ತಿಯಾದಾಗ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಮೂರು ಘಟನೆಗಳನ್ನು ನೆನೆಯಬೇಕು. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ಟವರ್ ಇಲ್ಲದ ನಿಲ್ದಾಣದಲ್ಲಿ, ಸೆಸ್ನಾ 152 ಒಂದು ಸರ್ಕಿಟ್ ಹಾರುತ್ತಿತ್ತು. ಎರಡು ಎಂಜಿನ್ನಿನ ಸೆಸ್ನಾ 340 ಹೊರಗಿನಿಂದ ನೇರ ಫೈನಲ್‌ಗೆ ಬಂತು, ಅದೂ ಇಳಿಯುವ ವಿಮಾನಕ್ಕೆ ಇರಬಾರದಷ್ಟು ವೇಗದಲ್ಲಿ, ಸುಮಾರು 180 ನಾಟ್. ಸಣ್ಣ ವಿಮಾನದವನಿಗೆ ಹಿಂದಿನದು ಬಲು ಬೇಗ ಬರುತ್ತಿದೆ ಎಂದು ಗೊತ್ತಾಗಿ, ಇಳಿಯುವುದನ್ನು ಬಿಟ್ಟು ಮೇಲೇರುತ್ತೇನೆ ಎಂದು ರೇಡಿಯೊದಲ್ಲಿ ಹೇಳಿದ. ಅಷ್ಟರಲ್ಲಿ ಎರಡೂ ಡಿಕ್ಕಿಯಾದವು, ಮೂವರು ಸತ್ತರು. ಇಬ್ಬರೂ ಒಂದೇ ಆವರ್ತನದಲ್ಲಿ ಮಾತಾಡುತ್ತಿದ್ದರು ಎಂಬುದನ್ನು ಮರೆಯಬಾರದು. ಮಾತು ಇತ್ತು, ಸಮಯ ಇರಲಿಲ್ಲ.

2021ರ ಮೇ 12ರಂದು ಅಮೆರಿಕದ ಡೆನ್ವರ್ ಬಳಿಯ ಸೆಂಟೆನಿಯಲ್ ನಿಲ್ದಾಣದಲ್ಲಿ ಅಕ್ಕಪಕ್ಕದ ಎರಡು ರನ್‌ವೇಗಳಿಗೆ ಸಿರಸ್ ಎಂಬ ಸಣ್ಣ ವಿಮಾನವೂ ಮೆಟ್ರೋಲೈನರ್ ಎಂಬ ಸರಕು ವಿಮಾನವೂ ಇಳಿಯುತ್ತಿದ್ದವು. ಸಿರಸ್ ತಯಾರಕರು ಹೇಳಿದ್ದಕ್ಕಿಂತ ವೇಗವಾಗಿ ಬಂದು, ತಿರುವು ಅಗಲವಾಗಿ, ತನ್ನ ಗೆರೆ ದಾಟಿ ಪಕ್ಕದ ಗೆರೆಗೆ ಹೋಗಿ ಗುದ್ದಿತು. ಸಿರಸ್ ತನ್ನ ಧುಮುಕುಕೊಡೆ ಬಿಚ್ಚಿಕೊಂಡು ನೆಲಕ್ಕಿಳಿಯಿತು. ಮೆಟ್ರೋಲೈನರ್ ಹಿಂಬದಿಯ ಮೈ ಹರಿದು ಆಕಾಶ ಕಾಣುವಂತಾಗಿದ್ದರೂ ನೇರವಾಗಿ ರನ್‌ವೇ ಮುಟ್ಟಿತು. ಎರಡರಲ್ಲೂ ಇದ್ದ ಮೂವರಿಗೂ ಏನೂ ಆಗಲಿಲ್ಲ. ಸರಕು ವಿಮಾನದ ಪೈಲಟ್‌ಗೆ ಪಕ್ಕದ ಸಿರಸ್ ಬಗ್ಗೆ ಕಂಟ್ರೋಲರ್ ಹೇಳಿರಲಿಲ್ಲ ಎಂಬುದನ್ನೂ ತನಿಖೆ ಗುರುತಿಸಿತು. ಬೇಸ್‌ನಿಂದ ಫೈನಲ್‌ಗೆ ತಿರುಗುವ ಆ ಒಂದು ಮೂಲೆ, ವೇಗ ಹೆಚ್ಚಿದ್ದರೆ, ಎಷ್ಟು ಅಗಲವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಮೂರನೆಯದು ನಮಗೆ ಹತ್ತಿರದ್ದು. 2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಸ್ಟೈನ್‌ಬ್ಯಾಕ್ ಹತ್ತಿರ, ಇಳಿಯುವ ಅಭ್ಯಾಸ ಮಾಡುತ್ತಿದ್ದ ಎರಡು ತರಬೇತಿ ಸೆಸ್ನಾಗಳು ಡಿಕ್ಕಿಯಾಗಿ ಇಬ್ಬರು ಎಳೆಯ ವಿದ್ಯಾರ್ಥಿ ಪೈಲಟ್‌ಗಳು ಸತ್ತರು. ಒಬ್ಬರು ಕೆನಡಾದವರು, ಇನ್ನೊಬ್ಬರು ಕೇರಳದಿಂದ ಕಲಿಯಲು ಹೋದವರು. ಎರಡರಲ್ಲೂ ರೇಡಿಯೊ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ಕಂಡಂತಿಲ್ಲ ಎಂದು ಶಾಲೆಯ ಮುಖ್ಯಸ್ಥರು ಹೇಳಿದರು. ಸಾಲ ಮಾಡಿ ಮಕ್ಕಳನ್ನು ಪರದೇಶಕ್ಕೆ ಕಳಿಸಿದ ನಮ್ಮ ಎಷ್ಟೋ ಮನೆಗಳಲ್ಲಿ ಆ ಸುದ್ದಿ ಓದಿ ಎದೆ ಝಲ್ಲೆಂದಿರಬೇಕು.

ಯಲಹಂಕದಲ್ಲಿ 2019ರ ಫೆಬ್ರವರಿ 19ರಂದು ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು, ದಾಬೋಳಿಯಲ್ಲಿ 2002ರ ಅಕ್ಟೋಬರ್ 1ರಂದು ನೌಕಾಪಡೆಯ ಎರಡು ಐಎಲ್-38 ವಿಮಾನಗಳು ಡಿಕ್ಕಿಯಾದದ್ದು ಜನರ ನೆನಪಿನಲ್ಲಿದೆ. ಅವು ಬೇಕೆಂದೇ ಹತ್ತಿರ ಹತ್ತಿರ ಹಾರುವ ಪ್ರದರ್ಶನ ಹಾರಾಟಗಳು. ಅವುಗಳ ಕಾರಣ ಬೇರೆ, ಇಲ್ಲಿ ಬೆರೆಸಬಾರದು. ನಮ್ಮ ವಿಷಯಕ್ಕೆ ಹತ್ತಿರವಾದ ಕರ್ನಾಟಕದ ಘಟನೆ 2022ರ ಜನವರಿ 7ರದ್ದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಕೋಲ್ಕತ್ತ ಮತ್ತು ಭುವನೇಶ್ವರಕ್ಕೆ ಹೊರಟ ಇಂಡಿಗೋದ ಎರಡು ವಿಮಾನಗಳು ಅಕ್ಕಪಕ್ಕದ ರನ್‌ವೇಗಳಿಂದ ಒಂದೇ ಹೊತ್ತಿಗೆ ಮೇಲೇರಿ, ಒಂದರತ್ತ ಒಂದು ವಾಲುತ್ತಾ ಹೋದವು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನ. ಇನ್ನು ಒಂದೇ ರನ್‌ವೇ ಬಳಸೋಣ ಎಂದು ಮಾಡಿದ್ದ ತೀರ್ಮಾನ ಇನ್ನೊಂದು ರನ್‌ವೇ ನೋಡಿಕೊಳ್ಳುವ ಕಂಟ್ರೋಲರ್‌ಗೆ ತಲುಪಿರಲಿಲ್ಲ. ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್ ಒಬ್ಬರು ಪರದೆಯಲ್ಲಿ ಅದನ್ನು ಕಂಡು ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು. ದೊಡ್ಡ ವಿಮಾನ, ದೊಡ್ಡ ನಿಲ್ದಾಣ, ರೇಡಾರ್, ಅನುಭವಿಗಳು, ಎಲ್ಲ ಇದ್ದೂ ಒಂದು ಮಾತು ಒಬ್ಬರಿಗೆ ಮುಟ್ಟದಿದ್ದರೆ ಇಷ್ಟಾಗುತ್ತದೆ.

ಡಿಕ್ಕಿ ತಪ್ಪಿಸುವ ಯಂತ್ರ ಇದೆಯಲ್ಲ ಎಂಬ ಮಾತೂ ಬರುತ್ತದೆ. ಟಿಕ್ಯಾಸ್ ಎಂಬ ಆ ಯಂತ್ರ ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಕೊಡುವ ಸಂಕೇತ ಕೇಳಿ ‘ಮೇಲೇರು’, ‘ಕೆಳಗಿಳಿ’ ಎಂದು ಪೈಲಟ್‌ಗೆ ಕೂಗಿ ಹೇಳುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ಭಾರತದಲ್ಲಿ ದೊಡ್ಡ ವಿಮಾನಗಳಿಗೆ ಅದು ಕಡ್ಡಾಯವಾಯಿತು. ಆದರೆ ಸಾಮಾನ್ಯ ತರಬೇತಿ ಸೆಸ್ನಾದಲ್ಲಿ ಅದು ಇರುವುದಿಲ್ಲ. ಎಟಿಆರ್‌ನಲ್ಲಿ ಇದ್ದರೂ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಅದು ಮೇಲೇರು, ಇಳಿ ಎಂಬ ಆಜ್ಞೆ ಕೊಡುವುದನ್ನು ತಾನಾಗಿ ನಿಲ್ಲಿಸುತ್ತದೆ. ಅಷ್ಟು ಕೆಳಗೆ ಇಳಿ ಎಂದರೆ ನೆಲಕ್ಕೇ ಬಡಿದೀತು. ಸರ್ಕಿಟ್‌ನ ಎತ್ತರವೇ 1,000 ಅಡಿ ಎಂಬುದನ್ನು ನೆನಪಿಡಿ. ಬೇಸ್, ಫೈನಲ್‌ಗಳೆಲ್ಲ ಅದರ ಕೆಳಗೆ. ಯಂತ್ರ ಸುಮ್ಮನಾಗುವ ಜಾಗದಲ್ಲೇ ವಿಮಾನಗಳು ಒಟ್ಟುಗೂಡುತ್ತವೆ.

ಈಗ, ಕಂಡಾಗ ಏನು ಮಾಡಬೇಕು? ರಸ್ತೆಯಲ್ಲಿ ಎಡಕ್ಕೆ ಸರಿಯುವ ನಮ್ಮ ಕೈಗೆ ಇದು ಮೊದಲು ಒಗ್ಗುವುದಿಲ್ಲ: ಆಕಾಶದಲ್ಲಿ ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ದಾರಿಗಳು ಅಡ್ಡ ಬಂದರೆ, ಯಾರ ಬಲಗಡೆ ಇನ್ನೊಂದು ವಿಮಾನವಿದೆಯೋ ಅವರು ದಾರಿ ಬಿಡಬೇಕು. ಹಿಂದಿಕ್ಕುವವನು ಬಲಕ್ಕೆ ಸರಿದು ಹೋಗಬೇಕು. ಇಬ್ಬರೂ ಇಳಿಯಲು ಬಂದಿದ್ದರೆ ಕೆಳಗಿರುವವನಿಗೆ ಮೊದಲ ಹಕ್ಕು, ಆದರೆ ಆ ಹಕ್ಕನ್ನು ಬಳಸಿ ಫೈನಲ್‌ನಲ್ಲಿರುವವನ ಮುಂದೆ ನುಗ್ಗುವಂತಿಲ್ಲ. ಮುಂದಿನ ವಿಮಾನ ಹತ್ತಿರವಾಯಿತು ಎನ್ನಿಸಿದರೆ ಡೌನ್‌ವಿಂಡನ್ನು ಟವರ್‌ಗೆ ಹೇಳಿ ಇನ್ನಷ್ಟು ಉದ್ದಕ್ಕೆ ಎಳೆಯಬಹುದು. ಸುತ್ತಿನ ನಡುವೆ ಯಾರಿಗೂ ಹೇಳದೆ ಒಂದು ಪೂರ್ತಿ ಚಕ್ರ ತಿರುಗಿ ಸಮಯ ಕಳೆಯುವುದು ಮಾತ್ರ ಬೇಡ, ಹಿಂದಿನವನ ಮೂತಿಗೇ ಹೋಗಿ ನಿಲ್ಲುತ್ತೀರಿ. ಫೈನಲ್‌ನಲ್ಲಿ ಸಂಶಯ ಬಂದರೆ ಗೋ ಅರೌಂಡ್: ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮೇಲೇರುವುದು, ಅದೂ ರನ್‌ವೇ ನೆತ್ತಿಯ ಮೇಲೆಯೇ ಅಲ್ಲ, ಸರ್ಕಿಟ್ ಇಲ್ಲದ ಬದಿಗೆ ತುಸು ಸರಿದು, ಕೆಳಗಿನಿಂದ ಏರುವವನನ್ನು ಕಣ್ಣಲ್ಲಿಟ್ಟುಕೊಂಡು. ಗೋ ಅರೌಂಡ್ ಮಾಡಿದ ವಿದ್ಯಾರ್ಥಿಯನ್ನು ಪೆಟ್ರೋಲು ವ್ಯರ್ಥ ಮಾಡಿದೆ ಎಂದು ಬೈಯುವ ಶಾಲೆ ಒಳ್ಳೆಯ ಶಾಲೆಯಲ್ಲ.

ಕೂದಲೆಳೆಯಲ್ಲಿ ಪಾರಾದ ಮೇಲೆ ಮುಖ್ಯವಾದ ಕೆಲಸ ಇನ್ನೊಂದಿದೆ: ಅದನ್ನು ಬರೆದು ಕೊಡುವುದು. ಇಂಥ ಘಟನೆಯನ್ನು ಏರ್‌ಪ್ರಾಕ್ಸ್ ಎಂದು ಕರೆಯಲು ಇಷ್ಟು ಮೀಟರ್ ಹತ್ತಿರ ಬಂದಿರಬೇಕು ಎಂಬ ಅಳತೆ ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ ಇಲ್ಲ. ಪೈಲಟ್ ಅಥವಾ ಕಂಟ್ರೋಲರ್‌ಗೆ ಸುರಕ್ಷತೆಗೆ ಧಕ್ಕೆ ಬಂದಿರಬಹುದು ಎನ್ನಿಸಿದರೆ ಸಾಕು. ವರದಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಹೋಗಬೇಕು. ಗಂಭೀರವಾದವುಗಳನ್ನು 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ದಳ ನೋಡುತ್ತದೆ. ಹೇಳದೆ ಮುಚ್ಚಿಟ್ಟ ಘಟನೆಯಿಂದ ಯಾರೂ ಏನೂ ಕಲಿಯುವುದಿಲ್ಲ, ಅದೇ ಮೂಲೆಯಲ್ಲಿ ಅದೇ ಹೊತ್ತಿಗೆ ಇನ್ನಿಬ್ಬರು ಎದುರಾಗುತ್ತಾರೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಹೇಳಿದರೆ ತನ್ನ ಸೋಲೋ ನಿಂತುಹೋದೀತು ಎಂಬ ಹೆದರಿಕೆ ಇರುವುದು ಸಹಜ. ಆ ಹೆದರಿಕೆ ತೆಗೆಯುವುದು ಶಾಲೆಯವರ ಕೆಲಸ, ಮನೆಯವರ ಕೆಲಸವೂ ಹೌದು.

ನಮ್ಮ ಕಡೆ ನೆಲದ ಮೇಲಿರುವವರಿಗೂ ಒಂದು ಮಾತು. ದಾಂಡೇಲಿ, ಜೋಯಿಡಾದ ರೆಸಾರ್ಟುಗಳಲ್ಲಿ, ಮದುವೆ ಚಿತ್ರೀಕರಣದಲ್ಲಿ ಡ್ರೋನ್ ಈಗ ಸಾಮಾನ್ಯ. 2021ರ ಡ್ರೋನ್ ನಿಯಮದಂತೆ ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿಯೇ ಮಿತಿ. ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಅದು 200 ಅಡಿ. ಹುಬ್ಬಳ್ಳಿಗೋ ಬೆಳಗಾವಿಗೋ ಕೆಲಸಕ್ಕೆ ಹೋಗುವ ಛಾಯಾಗ್ರಾಹಕರು ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡಿಕೊಳ್ಳಬೇಕು. ಫೈನಲ್‌ನಲ್ಲಿ ಕೆಳಗಿಳಿದ ಸೆಸ್ನಾದ ಪೈಲಟ್‌ಗೆ ಕೈಯಗಲದ ಡ್ರೋನ್ ಕಾಣುವ ಸಂಭವವೇ ಇಲ್ಲ.

ಮಕ್ಕಳನ್ನು ಸೇರಿಸಲು ಹೋದಾಗ ಶುಲ್ಕ, ಹಾಸ್ಟೆಲ್ ವಿಚಾರಿಸುವಂತೆ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಒಂದೇ ಹೊತ್ತಿಗೆ ಸರ್ಕಿಟ್‌ನಲ್ಲಿ ಎಷ್ಟು ವಿಮಾನ ಬಿಡುತ್ತೀರಿ? ಅದರಲ್ಲಿ ಎಷ್ಟು ಸೋಲೋ? ಪ್ರಯಾಣಿಕರ ವಿಮಾನ ಬರುವ ಹೊತ್ತಿನಲ್ಲಿ ವಿದ್ಯಾರ್ಥಿಗಳು ಎಲ್ಲಿರುತ್ತಾರೆ? ನಿಮ್ಮ ವಿಮಾನಗಳಲ್ಲಿ ಸುತ್ತಲಿನ ವಿಮಾನಗಳನ್ನು ಪರದೆಯಲ್ಲಿ ತೋರಿಸುವ ಉಪಕರಣ ಇದೆಯೇ? ಕಳೆದ ವರ್ಷ ಏರ್‌ಪ್ರಾಕ್ಸ್ ವರದಿ ಎಷ್ಟು ಕೊಟ್ಟಿರಿ, ಅದರಿಂದ ಏನು ಬದಲಾಯಿಸಿದಿರಿ? ‘ನಮ್ಮಲ್ಲಿ ಒಂದೂ ಆಗಿಲ್ಲ’ ಎಂಬ ಉತ್ತರ ಬಂದರೆ ಸಮಾಧಾನಪಡಬೇಡಿ. ನೂರಾರು ಗಂಟೆ ಸರ್ಕಿಟ್ ಹಾರುವ ಶಾಲೆಯಲ್ಲಿ ಆಗಿಲ್ಲ ಎನ್ನುವುದಕ್ಕಿಂತ ಬರೆದಿಟ್ಟಿಲ್ಲ ಎನ್ನುವುದೇ ಹೆಚ್ಚು ಸಂಭವ. ಕಡತ ತೆಗೆದು, ಇಂಥ ದಿನ ಇಂಥ ತಿರುವಿನಲ್ಲಿ ಹೀಗಾಯಿತು, ಆಮೇಲೆ ಹೀಗೆ ಮಾಡಿದೆವು ಎಂದು ತೋರಿಸುವ ಮುಖ್ಯ ಶಿಕ್ಷಕರು ಸಿಕ್ಕರೆ ಮಗುವನ್ನು ಅಲ್ಲಿ ಸೇರಿಸಿ.